ಎರಡು ಹಾಡುಗಳ ನಡುವಿನ ನಗು

ಅಪ್ಪನ ಟೈಲರ್ ಅಂಗಡಿಯಲ್ಲಿ ಇಸ್ತ್ರಿ ಮೇಜಿನ ಮೇಲ್ಗಡೆ ಗೋಡೆಗೆ ಒಂದು ಹಲಗೆ ಹೊಡೆದಿತ್ತು. ಹಲಗೆಯ ಮೇಲೆ ರಾಯರ ಪಟ, ಊದುಬತ್ತಿ ಸಿಕ್ಕಿಸುವ ಹಿತ್ತಾಳೆಯ ಗೂಡು, ಅದಕ್ಕೆ ತಾಗಿಕೊಂಡಂತೆ ಫಿಲಿಪ್ಸ್ ಟೂ-ಇನ್-ಒನ್. ಬೆಳಿಗ್ಗೆ ಬಾಗಿಲು ತೆಗೆದು, ಹೊಸ್ತಿಲಿಗೆ ನೀರು ಚಿಮುಕಿಸಿ, ಊದುಬತ್ತಿ ಹಚ್ಚಿದ ಕೈಯಲ್ಲೇ ಅಪ್ಪ ರೇಡಿಯೊ ಹಾಕುತ್ತಿದ್ದರು. ದೇವರಿಗೂ ರೇಡಿಯೊಗೂ ಒಂದೇ ಹಲಗೆ ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ. ಎರಡೂ ಧೂಳು ಮುಟ್ಟದ ಎತ್ತರದಲ್ಲಿರಬೇಕಾದವು, ಅಷ್ಟೆ.

ಮುಳ್ಳು ಎಷ್ಟೋ ವರ್ಷ 612ರಲ್ಲಿ ನಿಂತಿತ್ತು. ಅದು ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಜಾಗ. ಪ್ರದೇಶ ಸಮಾಚಾರದ ಹೊತ್ತಿಗೆ ಅಪ್ಪ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. 7.35ರ ದೆಹಲಿ ವಾರ್ತೆಯ ಹೊತ್ತಿಗೆ ಕತ್ತರಿ ಹಿಡಿಯುತ್ತಿದ್ದರು. ಗಡಿಯಾರ ಕೆಟ್ಟು ತಿಂಗಳಾದರೂ ರಿಪೇರಿಗೆ ಕೊಡದಷ್ಟು ನಂಬಿಕೆ ಆ ಧ್ವನಿಗಳ ಮೇಲೆ.

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಶುರುವಾಯಿತು. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ನಮ್ಮೂರಿನದು. ಅಣ್ಣ ಎಲ್ಲಿಂದಲೋ ಸುದ್ದಿ ತಿಳಿದು ಬಂದು, ಸ್ಟೂಲು ಹತ್ತಿ, ಗುಂಡಿ ತಿರುಗಿಸಿ, ಮುಳ್ಳನ್ನು 91ರ ಹತ್ತಿರ ತಂದು ನಿಲ್ಲಿಸಿದ. ಹಾಡು ಬಂತು. ಹಾಡು ಮುಗಿದ ಮೇಲೆ ಒಬ್ಬರು ಮಾತಾಡಿದರು. ಮಾತಾಡುತ್ತಾ ಮಾತಾಡುತ್ತಾ ಅವರಿಗೇ ನಗು ತಡೆಯಲಾಗದೆ ನಕ್ಕುಬಿಟ್ಟರು. ಅಪ್ಪ ಮಷೀನಿನ ಪೆಡಲ್ ತುಳಿಯುವುದನ್ನು ನಿಲ್ಲಿಸಿ ತಲೆ ಎತ್ತಿ ಹಲಗೆಯತ್ತ ನೋಡಿದರು. ರೇಡಿಯೊದೊಳಗೆ ಕೂತವರು ಗಂಟಲು ಸರಿ ಮಾಡಿಕೊಳ್ಳುವುದನ್ನು ಕೂಡ ಕೇಳಿಸದಂತೆ ಮಾಡುತ್ತಿದ್ದ ಕಾಲದಿಂದ ಬಂದವರು ಅವರು.

ಹಾಗಂತ ಕನ್ನಡ ರೇಡಿಯೊಗೆ ನಗು ಹೊಸದೇನಲ್ಲ. ಬೆಂಗಳೂರು ಆಕಾಶವಾಣಿಯ ಎ.ಎಸ್. ಮೂರ್ತಿಯವರನ್ನು ಊರೆಲ್ಲ ಕರೆಯುತ್ತಿದ್ದುದೇ ರೇಡಿಯೊ ಈರಣ್ಣ ಎಂದು. ಕಲಾಮಂದಿರ ಕಟ್ಟಿದ ಎ.ಎನ್. ಸುಬ್ಬರಾಯರ ಮಗ, ಅಭಿನಯ ತರಂಗದ ಸ್ಥಾಪಕರು, ಬೀದಿ ನಾಟಕ ಮಾಡಿದವರು. ಇಷ್ಟೆಲ್ಲ ಇದ್ದರೂ ಅಪ್ಪನ ತಲೆಮಾರಿಗೆ ಅವರು ಈರಣ್ಣನೇ. ನಲ್ಲಿಯಲ್ಲಿ ನೀರು ಬರದಿರುವುದು, ರಸ್ತೆ ಅಗೆದು ಮುಚ್ಚದೆ ಹೋಗಿರುವುದು, ಇಂಥ ಊರಿನ ಕುಂದುಕೊರತೆಗಳೇ ಈರಣ್ಣನ ಸರಕು. ಜಗಲಿಯ ಮೇಲೆ ಕೂತು ಪಕ್ಕದ ಮನೆಯವರಿಗೆ ಹೇಳಿದ ಹಾಗೆ ಹೇಳುತ್ತಿದ್ದರು. ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಹೌದಲ್ಲ ಎನ್ನುತ್ತಿದ್ದರು. 2012ರಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಅಪ್ಪ ಒಂದು ಗಳಿಗೆ ಸುಮ್ಮನೆ ಕೂತು, "ಈರಣ್ಣ ಹೋಗ್ಬಿಟ್ರು" ಎಂದರು. ಮೂರ್ತಿಯವರು ಎನ್ನಲಿಲ್ಲ.

ಕನ್ನಡನಾಡಿನಲ್ಲಿ ರೇಡಿಯೊ ಹುಟ್ಟಿದ್ದೇ ಅಕ್ಕಪಕ್ಕದವರಿಗಾಗಿ. 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ನಿಲಯ ಶುರು ಮಾಡಿದಾಗ ಅವರ ಕೈಯಲ್ಲಿದ್ದುದು 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ಹಳೆಯ ಕಾಲದ ಒಂದು ಸಾಮಾನ್ಯ ಬಲ್ಬಿಗೂ ಅದಕ್ಕಿಂತ ಹೆಚ್ಚು ಶಕ್ತಿ ಬೇಕಿತ್ತು. ಊರಿನ ಮಾತು ಊರಿಗೆ ಕೇಳಿಸಿದರೆ ಸಾಕು ಎಂಬಷ್ಟೇ ಬಲ. ಬೆಳಗಿನ ಹಾಸ್ಯದ ನಿರೂಪಕರನ್ನು ನೆನೆದಾಗಲೆಲ್ಲ ನನಗೆ ಆ 30 ವ್ಯಾಟ್ ನೆನಪಾಗುತ್ತದೆ. ಅವರ ಮಾತಿಗೂ ಅಷ್ಟೇ ದೂರ, ಅಷ್ಟೇ ಹತ್ತಿರ.

ಸುಮಾರು ಐದು ವರ್ಷ ರೇಡಿಯೊ ಸಿಟಿಗೆ ಊರಿನಲ್ಲಿ ಖಾಸಗಿ ಜೊತೆಗಾರರಿರಲಿಲ್ಲ. ಸರ್ಕಾರ ಲೈಸೆನ್ಸ್ ಶುಲ್ಕದ ಲೆಕ್ಕ ಬದಲಿಸಿ, ಆದಾಯದಲ್ಲಿ ಪಾಲು ಕೊಟ್ಟರೆ ಸಾಕು ಎಂದ ಮೇಲೆ, 2006ರಿಂದ ಒಂದರ ಹಿಂದೆ ಒಂದು ಕೇಂದ್ರ ಬಂದವು. ಮಿರ್ಚಿ, ಬಿಗ್, ರೆಡ್, ಫೀವರ್. ಮಿರ್ಚಿಯವರು "ಸಕತ್ ಹಾಟ್ ಮಗಾ" ಎಂದು ಊರ ತುಂಬ ಬೋರ್ಡು ಹಾಕಿದರು. ಮಗಾ ಎಂಬ ಮಾತು ಅಲ್ಲಿಯವರೆಗೆ ಕಾಲೇಜಿನ ಕಾಂಪೌಂಡು, ಗರಡಿಮನೆ, ಗ್ಯಾರೇಜು ದಾಟಿ ಬಂದಿರಲಿಲ್ಲ. ಅಪ್ಪನ ಗಿರಾಕಿಗಳಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, "ರೇಡಿಯೊ ಕೂಡ ನನ್ನ ಮಗಾ ಅನ್ನೋ ಹಾಗಾಯ್ತಲ್ಲಪ್ಪ" ಎಂದು ನೊಂದುಕೊಂಡಿದ್ದರು. ನನಗೆ ಅದು ಬೇರೆ ಥರ ಕೇಳಿಸಿತು. ನಾವು ಮನೆಯಲ್ಲಿ, ಬಸ್‌ಸ್ಟಾಪಿನಲ್ಲಿ ಆಡುವ ಕನ್ನಡ, ಅದರ ಅರ್ಧಂಬರ್ಧ ಇಂಗ್ಲಿಷು, ಅದರ ಅವಸರ, ಅದರ ಬೈಗುಳದ ಪ್ರೀತಿ, ಇವೆಲ್ಲ ಹಲಗೆಯ ಮೇಲಿನ ಪೆಟ್ಟಿಗೆಯಿಂದ ಬರುವುದನ್ನು ಮೊದಲ ಸಲ ಕೇಳಿದೆ. ಆ ವರ್ಷದ ಕೊನೆಯಲ್ಲಿ ಬಂದ ಮುಂಗಾರು ಮಳೆಯ ನಾಯಕನೂ ಹಾಗೇ ಬಾಯಿ ಮುಚ್ಚದೆ ಮಾತಾಡುವವನು. ಆ ಪಾತ್ರ ಮಾಡಿದ ಗಣೇಶ್ ಟಿವಿಯಲ್ಲಿ ಕಾಮಿಡಿ ಟೈಮ್ ನಡೆಸಿ ಬಂದವರು. ಅದು ಮಾತಿನ ಹುಡುಗರ ಕಾಲ.

ಇವರೆಲ್ಲ ಯಾಕೆ ಇಷ್ಟು ನಗಿಸುತ್ತಿದ್ದರು ಎಂಬುದಕ್ಕೆ ಒಂದು ಕಾರಣ ನಿಯಮದಲ್ಲೇ ಇತ್ತು. ಖಾಸಗಿ ಎಫ್‌ಎಂ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವ ಹಾಗಿರಲಿಲ್ಲ, ಇವತ್ತಿಗೂ ಇಲ್ಲ. ಊರಲ್ಲಿ ಆದದ್ದನ್ನು ಸುದ್ದಿ ಎಂದು ಹೇಳಬಾರದು, ಆದರೆ ಊರಿನ ಬಗ್ಗೆ ಮಾತಾಡದೆ ಬೆಳಗಿನ ನಾಲ್ಕು ಗಂಟೆ ತುಂಬುವುದು ಹೇಗೆ? ಹಾಗಾಗಿ ಈರುಳ್ಳಿಯ ಬೆಲೆ ಗಂಡಹೆಂಡಿರ ಜಗಳವಾಗಿ ಬಂತು. ರಸ್ತೆಯ ಗುಂಡಿ ಈಜುಕೊಳವಾಗಿ ಬಂತು. ಕರೆಂಟು ಹೋದದ್ದು ಮೇಣದ ಬತ್ತಿ ಮಾರುವವನ ಕನಸಾಗಿ ಬಂತು. ವಾರ್ತೆ ಓದುವವರಿಗೆ ಸಾಧ್ಯವಾಗದ ಹತ್ತಿರದಿಂದ ಇವರು ಊರನ್ನು ಹೇಳಿದರು. ಈರಣ್ಣನ ಜಗಲಿಯನ್ನೇ ಇವರು ಗೊತ್ತಿಲ್ಲದೆ ಮುಂದುವರಿಸಿದರು ಎಂದು ನಾನು ನಂಬಿದ್ದೇನೆ.

ಆಗ ನನಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಹನುಮಂತನಗರದಿಂದ ಏಳು ಗಂಟೆಗೆ ಆಫೀಸಿನ ಸುಮೋ ಹತ್ತಿದರೆ ಬನಶಂಕರಿ, ಜಯದೇವ, ಸಿಲ್ಕ್ ಬೋರ್ಡ್, ಮಾರತ್‌ಹಳ್ಳಿ. ಹೊರಗೆ ನೋಡಲು ಲಾರಿಯ ಹಿಂಭಾಗ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಡ್ರೈವರ್ ಅಣ್ಣ ಮಾಗಡಿ ಕಡೆಯವರು. ಗಾಡಿ ಸ್ಟಾರ್ಟ್ ಮಾಡುವ ಮೊದಲೇ ರೇಡಿಯೊ ಹಾಕುತ್ತಿದ್ದರು. ಹಾಡು ಬಂದಾಗ ಸದ್ದು ತಗ್ಗಿಸಿ ಮಾತು ಬಂದಾಗ ಏರಿಸುತ್ತಿದ್ದ ಮೊದಲ ಮನುಷ್ಯ ಅವರು. "ಹಾಡು ನನ್ನ ಹತ್ರ ಕ್ಯಾಸೆಟ್‌ನಲ್ಲೈತೆ ಬುಡಿ, ಈವಯ್ಯ ಇವತ್ತು ಏನಂತಾನೆ ಅನ್ನೋದು ಎಲ್ಲೈತೆ?" ಎನ್ನುತ್ತಿದ್ದರು. ಅವತ್ತು ಆ ಮಾತು ಸುಮ್ಮನೆ ಕೇಳಿಕೊಂಡೆ.

ಸುಮೋದಲ್ಲಿ ನಾವು ಎಂಟು ಜನ. ಇಬ್ಬರು ಕೇರಳದವರು, ಒಬ್ಬರು ಒಡಿಶಾದವರು, ಕೊಲ್ಕತ್ತಾದ ಹುಡುಗಿಯೊಬ್ಬಳು. ಡ್ರೈವರ್ ಅಣ್ಣ ಸ್ಟೀರಿಂಗ್ ಬಡಿದು ನಕ್ಕಾಗ ಅವಳು ನನ್ನ ತೋಳು ಹಿಡಿದು ಏನಂದರು ಎಂದು ಕೇಳುವಳು. ನಾನು ಅರ್ಥ ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಹಾಡು ಆಗಿರುತ್ತಿತ್ತು. ಅವಳು ಆಗ, ಎಲ್ಲರೂ ನಕ್ಕು ಮುಗಿಸಿದ ಮೇಲೆ, ಒಬ್ಬಳೇ ನಗುವಳು. ಅವಳ ನಗು ಕೇಳಿ ನಾವೆಲ್ಲ ಎರಡನೆಯ ಸಲ. ಕೆಲವು ತಿಂಗಳಾದ ಮೇಲೆ ನನ್ನ ತೋಳು ಹಿಡಿಯುವುದನ್ನು ಬಿಟ್ಟಳು. ಕಾರ್ಪೊರೇಷನ್ ನಡೆಸಿದ ಯಾವ ತರಗತಿಯಲ್ಲೂ ಅವಳು ಕನ್ನಡ ಕಲಿಯಲಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಲಿತಳು.

ಒಂದು ಬೆಳಿಗ್ಗೆ ಜಯದೇವ ಆಸ್ಪತ್ರೆಯ ಹತ್ತಿರ ಎಲ್ಲ ಗಾಡಿ ನಿಂತುಬಿಟ್ಟಿದ್ದವು. ಸೆಖೆಗೆ ಕಿಟಕಿಗಳೆಲ್ಲ ತೆರೆದಿದ್ದವು. ರೇಡಿಯೊದಲ್ಲಿ ನಿರೂಪಕ ಒಬ್ಬ ಕಿರಾಣಿ ಅಂಗಡಿಯವರಿಗೆ ಫೋನ್ ಮಾಡಿ, ಸಾಸಿವೆ ಕಾಳು ಎಣಿಸಿ ಕೊಡಬೇಕು ಎಂದು ಹಟ ಹಿಡಿದಿದ್ದ. ಅಂಗಡಿಯವರು ತಾಳ್ಮೆಯಿಂದ ತಿಳಿ ಹೇಳುತ್ತಿದ್ದರು. ತೂಕ ಇದೆ ಸ್ವಾಮಿ, ಎಣಿಕೆ ಇಲ್ಲ. ನಮ್ಮ ಎಡಕ್ಕೆ ಆಟೊ, ಬಲಕ್ಕೆ ಹಾಲಿನ ವ್ಯಾನು, ಹಿಂದೆ ಒಂದು ದೊಡ್ಡ ಕಾರು. ಎಲ್ಲದರಲ್ಲೂ ಅದೇ ಕೇಂದ್ರ. ಅಂಗಡಿಯವರು ಕೊನೆಗೆ, ಸರಿ, ನೀವು ಬಂದು ಎಣಿಸಿ, ನಾನು ಕಾಫಿ ಕೊಡ್ತೀನಿ ಎಂದರು. ಆ ಕ್ಷಣ ಆಟೊದವರು, ಹಾಲಿನ ವ್ಯಾನಿನ ಹುಡುಗ, ಕಾರಿನಲ್ಲಿದ್ದ ಕೋಟು ತೊಟ್ಟ ಹೆಂಗಸು, ನಮ್ಮ ಸುಮೋ, ಎಲ್ಲ ಒಟ್ಟಿಗೆ ನಕ್ಕೆವು. ನಕ್ಕ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಿಗೂ ಯಾರ ಹೆಸರೂ ಗೊತ್ತಿರಲಿಲ್ಲ. ಹಸಿರು ದೀಪ ಬಂದಾಗ ಹಾಲಿನ ವ್ಯಾನಿನವನು ನಮ್ಮ ಗಾಡಿಗೆ ದಾರಿ ಬಿಟ್ಟ. ಆ ರಸ್ತೆಯಲ್ಲಿ ಹಾಗೆ ದಾರಿ ಬಿಟ್ಟದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಕಾಣೆಯಾಗಿದೆ ಎಂದು ನಾನು ಮರುಗುತ್ತಿರುವುದು ಇದಕ್ಕೆ. ಹಾಸ್ಯಕ್ಕೆ ಇವತ್ತೇನೂ ಬರವಿಲ್ಲ. ಫೋನ್ ತೆಗೆದರೆ ಮೂವತ್ತು ಸೆಕೆಂಡಿಗೊಂದು ನಗು ಸಿಗುತ್ತದೆ, ಒಳ್ಳೆಯದೂ ಸಿಗುತ್ತದೆ. ಆದರೆ ಎಡಕ್ಕಿರುವವರೂ ಬಲಕ್ಕಿರುವವರೂ ಅದೇ ಗಳಿಗೆಗೆ ಅದಕ್ಕೇ ನಗುತ್ತಿದ್ದಾರೆ ಎಂಬ ಭರವಸೆ ಎಲ್ಲಿದೆ? ಒಂದು ಊರು ದಿನಕ್ಕೆ ಒಂದು ಸಲವಾದರೂ ಒಟ್ಟಿಗೆ ನಕ್ಕರೆ ಅದು ಊರು. ಇಲ್ಲದಿದ್ದರೆ ಒಂದೇ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡ ಗಾಡಿಗಳು.

ಫೋನ್ ಮಾಡಿ ಬಕ್ರಾ ಮಾಡುವ ಆಟದಲ್ಲಿ ಆಮೇಲಾಮೇಲೆ ದೊಡ್ಡ ಹೆಸರುಗಳು ಬಂದವು. ರೆಡ್ ಎಫ್‌ಎಂನಲ್ಲಿ ಸುನಿಲ್ ಅವರ ಕಾರ್ಯಕ್ರಮದ ಹೆಸರೇ ಕಲರ್ ಕಾಗೆ. ಸುಳ್ಳು ಹೇಳಿ ನಂಬಿಸುವುದನ್ನು ಕಾಗೆ ಹಾರಿಸುವುದು ಎನ್ನುವ ನಮ್ಮ ಮಾತಿಗೆ ಬಣ್ಣ ಬಳಿದ ಹೆಸರು ಅದು, ಎಷ್ಟು ಸೊಗಸಾಗಿದೆ! ಕೊಲ್ಕತ್ತಾದ ಹುಡುಗಿ ಊರು ಬಿಟ್ಟುಹೋದ ಮೇಲೂ ನನಗೆ ಬರೆಯುವಾಗ ಕಾಗೆ ಹಾರಿಸಬೇಡ ಎಂದು ಕನ್ನಡದಲ್ಲೇ ಬರೆಯುತ್ತಾಳೆ. ಫೀವರ್ 104ರಲ್ಲಿ ದಾನಿಶ್ ಸೇಠ್ ಸುಪಾರಿ ಎಂಬ ಹೆಸರಿನಲ್ಲಿ ಅದೇ ಕೆಲಸ ಮಾಡಿದರು. ಅಲ್ಲಿ ಹುಟ್ಟಿದ ನೋಗ್ರಾಜ್ ಎಂಬ ರಾಜಕಾರಣಿ 2018ರಲ್ಲಿ ಸಿನಿಮಾದ ನಾಯಕನೇ ಆದ.

ಈ ಆಟದಲ್ಲಿ ಎಲ್ಲವೂ ಚೆನ್ನಾಗಿತ್ತು ಎನ್ನಲಾರೆ. ಒಮ್ಮೆ ಒಬ್ಬ ನಿರೂಪಕ ಯಾರೋ ವಯಸ್ಸಾದ ತಾಯಿಗೆ ಫೋನ್ ಮಾಡಿ, ಮಗನ ಬಗ್ಗೆ ಏನೋ ಹೇಳಿ ಹೆದರಿಸಿದ. ಆಕೆ ಅಳುವುದಕ್ಕೆ ಶುರು ಮಾಡಿದರು. ಅಪ್ಪ ಎದ್ದು ಹೋಗಿ ರೇಡಿಯೊ ಆರಿಸಿದರು. ಆ ದಿನವೆಲ್ಲ ಅಂಗಡಿಯಲ್ಲಿ ಮಷೀನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮರುದಿನ ಮತ್ತೆ ಹಾಕಿದರು, ಆದರೆ ಬೇರೆ ಕೇಂದ್ರ. ಆ ಕೇಂದ್ರಕ್ಕೆ ಮುಳ್ಳು ಮತ್ತೆ ಹೋಗಲಿಲ್ಲ. ಕೇಳುಗರ ಕೈಯಲ್ಲಿದ್ದ ಶಿಕ್ಷೆ ಅದೊಂದೇ. ಆದರೆ ಒಳ್ಳೆಯ ನಿರೂಪಕರಿಗೆ ಅದು ಸಾಕಾಗುವಷ್ಟು ಭಯ ಹುಟ್ಟಿಸುತ್ತಿತ್ತು. ಸಾಸಿವೆಯ ಅಂಗಡಿಯವರನ್ನು ಫೋನಿನ ಕೊನೆಯಲ್ಲಿ ಆ ಹುಡುಗ ಕ್ಷಮೆ ಕೇಳಿ, ನಿಜ ಹೇಳಿ, ಅವರ ಅಂಗಡಿ ಎಲ್ಲಿದೆ ಎಂದು ಊರಿಗೆಲ್ಲ ತಿಳಿಸಿದ್ದ. ಬಕ್ರಾ ಆದವರು ಕೊನೆಗೆ ಗೆಲ್ಲಬೇಕು ಎಂಬುದು ಆ ಕಸುಬಿನ ಬಲ್ಲವರು ಪಾಲಿಸಿದ ಮರ್ಯಾದೆ.

ಕಸುಬು ಎಂದೆ. ಅದು ನಿಜಕ್ಕೂ ಕಸುಬು, ಅಪ್ಪನ ಕೋಟಿನ ಕಾಲರ್ ಕೆಲಸದಷ್ಟೇ ಸೂಕ್ಷ್ಮದ್ದು. ಹಾಡು ಹಾಡಿನ ನಡುವೆ ಸಿಗುವ ಜಾಗಕ್ಕೆ ಅವರು ಲಿಂಕ್ ಎನ್ನುತ್ತಾರೆ. ಕೆಲವೊಮ್ಮೆ ಅರ್ಧ ನಿಮಿಷ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ವಿಷಯ ಎತ್ತಬೇಕು, ಕೇಳುವವರ ಕಿವಿ ಹಿಡಿಯಬೇಕು, ನಗಿಸಬೇಕು, ಮುಂದಿನ ಹಾಡಿನ ವಾದ್ಯ ಮುಗಿದು ಗಾಯಕರು ಬಾಯಿ ತೆರೆಯುವ ಮೊದಲು ಮಾತು ಮುಗಿಸಬೇಕು. ಎದುರಿಗೆ ಒಬ್ಬ ಮನುಷ್ಯನೂ ಇಲ್ಲ. ರಂಗದ ಮೇಲಿನ ಹಾಸ್ಯಗಾರನಿಗೆ ಚಪ್ಪಾಳೆ ಕೇಳಿಸುತ್ತದೆ. ಇವರು ಧ್ವನಿ ಹೊರಗೆ ಹೋಗದ ಕೋಣೆಯಲ್ಲಿ, ಕತ್ತಲು ಹರಿಯುವ ಮೊದಲೇ ಬಂದು ಕೂತು, ಕೇಳಿಸದ ನಗುವಿಗಾಗಿ ಸರಿಯಾಗಿ ಅಷ್ಟೇ ಹೊತ್ತು ತಡೆದು ಮುಂದಿನ ಮಾತು ಆಡಬೇಕು. ಆ ತಡೆ ತಪ್ಪಿದರೆ ಸಿಲ್ಕ್ ಬೋರ್ಡಿನಲ್ಲಿ ಯಾರೂ ನಗುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ, ಜ್ವರ ಬಂದರೂ, ಮನೆಯಲ್ಲಿ ಜಗಳವಾಗಿದ್ದರೂ.

ಮಿರ್ಚಿಯ ರಚನಾ ಅವರನ್ನು ಪೋರಿ ಟಪೋರಿ ರಚನಾ ಎಂದೇ ಊರು ಕರೆಯಿತು. ಹೆಣ್ಣುಮಗಳೊಬ್ಬಳು ರೇಡಿಯೊದಲ್ಲಿ ಜೋರಾಗಿ, ಬಾಯಿ ತುಂಬ, ಯಾರ ಅಪ್ಪಣೆಗೂ ಕಾಯದೆ ನಗಬಹುದು ಎಂದು ತೋರಿಸಿದ ಧ್ವನಿ ಅದು. ನಮ್ಮ ಬೀದಿಯ ಬ್ಯೂಟಿ ಪಾರ್ಲರಿನ ಅಕ್ಕ ಅವರ ಹಾಗೇ ಮಾತಾಡಲು ಶುರು ಮಾಡಿದ್ದರು. ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ ಸಿನಿಮಾದಲ್ಲಿ ಅವರ ಮುಖ ಕಂಡಾಗ, ಇಷ್ಟು ವರ್ಷ ಪಕ್ಕದ ಮನೆಯ ಗೋಡೆಯಾಚೆ ಕೇಳಿದ ಧ್ವನಿಗೆ ಈಗ ಬಾಗಿಲು ತೆರೆದ ಹಾಗಾಯಿತು. 2022ರ ಫೆಬ್ರವರಿಯಲ್ಲಿ ಹೃದಯಾಘಾತದಿಂದ ಹೋಗಿಬಿಟ್ಟರು. 39 ವರ್ಷ. ಅವತ್ತು ನನ್ನ ಫೋನಿಗೆ ಹಳೆಯ ಸುಮೋದ ಗೆಳೆಯರಿಂದ ಸಂದೇಶ ಬಂದವು, ಕೇರಳದಿಂದ ಒಂದು, ಕೊಲ್ಕತ್ತಾದಿಂದ ಒಂದು. ನಾವ್ಯಾರೂ ಅವರನ್ನು ಒಮ್ಮೆಯೂ ಭೇಟಿಯಾಗಿರಲಿಲ್ಲ.

ಆ ಕಾಲ ಯಾವತ್ತು ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದು. ಮೊದಲೆಲ್ಲ ಕೀಪ್ಯಾಡ್ ಫೋನಿನಲ್ಲಿ ಎಫ್‌ಎಂ ಇರುತ್ತಿತ್ತು. ಇಯರ್‌ಫೋನಿನ ವೈರೇ ಅದರ ಆಂಟೆನಾ, ವೈರ್ ಸಿಕ್ಕಿಸದಿದ್ದರೆ ಅದು ಹಾಡುತ್ತಿರಲಿಲ್ಲ. ಫೋನಿನಿಂದ ಆ ವೈರಿನ ತೂತೇ ಮಾಯವಾಯಿತು. 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೊ ಓಡಿತು, ರಸ್ತೆಯಲ್ಲಿ ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಮೇಲಕ್ಕೆ ಹೋದರು. 2016ರ ನಂತರ ಡೇಟಾ ಅಗ್ಗವಾಗಿ, ಬೇಕಾದ ಹಾಡು ಬೇಕಾದ ಹೊತ್ತಿಗೆ ಸಿಕ್ಕಿತು. 2020ರಲ್ಲಿ ಕೊರೋನಾ ಬಂದಾಗ ಗಾಡಿಗಳೇ ಇಲ್ಲದ ರಸ್ತೆಗೆ ಟ್ರಾಫಿಕ್ಕಿನ ಜೋಕು ಯಾರಿಗೆ ಹೇಳುವುದು? ಜಾಹೀರಾತಿನ ಹಣವೂ ಒಣಗಿತು. ಮಾತು ಕಡಿಮೆಯಾಗಿ ಹಾಡು ಹೆಚ್ಚಾಯಿತು. ಹೇಳುವ ಮಾತು ಕೂಡ ಯಾವ ಊರಿಗಾದರೂ ಹೊಂದುವಂಥದಾಯಿತು. ಯಾವ ಊರಿಗಾದರೂ ಹೊಂದುವ ಜೋಕು ನನ್ನ ಊರಿನದಲ್ಲ. ಅಂಗಡಿಗೆ ಬಂದವರೆಲ್ಲರ ಅಳತೆಗೂ ಒಂದೇ ಪ್ಯಾಂಟು ಹೊಲಿದಿಟ್ಟರೆ ಅದಕ್ಕೆ ಟೈಲರ್ ಯಾಕೆ ಬೇಕು?

ನಿರೂಪಕರಲ್ಲಿ ಅನೇಕರು ಫೋನಿನ ಪರದೆಗೆ ಹೋದರು. ಪ್ರದೀಪ ಸಕತ್ ಸ್ಟುಡಿಯೊ ಕಟ್ಟಿ ವೆಬ್ ಸರಣಿ ತೆಗೆದರು. ಮಂಗಳೂರಿನ ಎಫ್‌ಎಂನಲ್ಲಿ ಮಾತಾಡುತ್ತಿದ್ದ ರೂಪೇಶ್ ಶೆಟ್ಟಿ ತುಳು ಸಿನಿಮಾದ ನಾಯಕರಾದರು, ಬಿಗ್ ಬಾಸ್ ಗೆದ್ದರು. ಅವರು ಬೆಳೆದದ್ದು ನನಗೆ ಸಂತೋಷವೇ. ಅವರಿಗೆ ಈಗ ಮುಖವಿದೆ, ಲಕ್ಷಾಂತರ ಜನ ನೋಡುತ್ತಾರೆ, ಲೆಕ್ಕ ಪರದೆಯ ಕೆಳಗೇ ಕಾಣುತ್ತದೆ. ಆದರೆ ಇವತ್ತು ಗುರುವಾರ, ಮಿನರ್ವ ಸರ್ಕಲ್ಲಿನಲ್ಲಿ ನೀರು ನಿಂತಿದೆ, ಲಾಲ್‌ಬಾಗ್ ಕಡೆಯಿಂದ ಬನ್ನಿ ಎಂದು ಹೇಳಿ, ಅದೇ ಉಸಿರಿನಲ್ಲಿ ನಗಿಸಿ ಆಫೀಸಿಗೆ ಕಳಿಸುವ ಕೆಲಸಕ್ಕೆ ಬೇರೆ ಯಾರೂ ಬರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡಬೇಕಾಯಿತು. ಹಲಗೆಯ ಮೇಲಿನ ರಾಯರು ಮನೆಗೆ ಬಂದರು. ಟೂ-ಇನ್-ಒನ್ ಕೂಡ ಬಂತು, ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಅಣ್ಣ ರೇಡಿಯೊದಿಂದ ಹಿಡಿದ ಕ್ಯಾಸೆಟ್‌ಗಳು. ಖಾಲಿ ಕ್ಯಾಸೆಟ್ ತಂದು, ರೆಕಾರ್ಡ್ ಗುಂಡಿಯ ಮೇಲೆ ಬೆರಳಿಟ್ಟು ಕೂತಿರುತ್ತಿದ್ದ ಅವನು. ಹಾಡು ಶುರುವಾದ ಕೂಡಲೇ ಒತ್ತಬೇಕು. ಹಾಡು ಮುಗಿದು ನಿರೂಪಕ ಬಾಯಿ ಹಾಕುವ ಮೊದಲು ನಿಲ್ಲಿಸಬೇಕು. ಮಾತು ಸೇರಿಕೊಂಡರೆ ಕ್ಯಾಸೆಟ್ ಕೆಟ್ಟಿತು ಎಂದು ಬೈದುಕೊಳ್ಳುತ್ತಿದ್ದ. ಎಲ್ಲರ ಮನೆಯಲ್ಲೂ ಹಾಗೇ. ಎಲ್ಲಿ ಬೇಕಾದರೂ ಸಿಗುವ ಹಾಡನ್ನು ಕಾಪಿಟ್ಟು, ಆವತ್ತು ಬಿಟ್ಟರೆ ಇನ್ನೆಂದೂ ಸಿಗದ ಮಾತನ್ನು ಹುಷಾರಾಗಿ ಕತ್ತರಿಸಿ ಎಸೆದೆವು. ಮಾಗಡಿಯ ಅಣ್ಣ ಇದನ್ನೇ ಹೇಳಿದ್ದರು.

ಕಳೆದ ದೀಪಾವಳಿಗೆ ಅಣ್ಣ ಬಂದಾಗ ಒಂದನ್ನು ಹಾಕಿದೆವು. ಬೆಲ್ಟ್ ಸಡಿಲಾಗಿ ಹಾಡು ಸ್ವಲ್ಪ ನಿಧಾನಕ್ಕೆ ಓಡುತ್ತಿತ್ತು. ಮುಂಗಾರು ಮಳೆಯದೊಂದು ಹಾಡು. ಹಾಡು ಮುಗಿಯುತ್ತಾ ಬಂತು. ಕೊನೆಯ ವಾದ್ಯದ ಕೆಳಗಿನಿಂದ ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. "ಅಯ್ಯೋ ನಿಮ್ಮ..." ಎಂದು ಒಂದು ಧ್ವನಿ ನಗುತ್ತಾ ಶುರು ಮಾಡಿತು. ಕಟಕ್. ಮುಂದಿನ ಹಾಡು.

ಅಣ್ಣ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಯಾರು ಅದು ಎಂದು ನನ್ನ ಮುಖ ನೋಡಿದ. ನಾವಿಬ್ಬರೂ ಹಲಗೆಯಿಲ್ಲದ ಗೋಡೆಯ ಕೆಳಗೆ ಕೂತು, ಆ ಉಸಿರು, ಆ ಅರ್ಧ ಮಾತು, ಆ ಕಟಕ್, ಇಷ್ಟನ್ನೇ ಕತ್ತಲಾಗುವವರೆಗೆ ಕೇಳಿದೆವು.